ಮಾರಿಕುಪ್ಪದ ಬುದ್ಧ, ನಾಗಪುರದ ಬುದ್ಧ

ಕೋಲಾರದ ಕಡೆ ದಲಿತರು ಬೌದ್ಧರಾಗುವ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ನಾಗಪುರ. 1956ರ ಅಕ್ಟೋಬರ್ 14, ಬಾಬಾಸಾಹೇಬರು, ಲಕ್ಷಾಂತರ ಜನ, 22 ಪ್ರತಿಜ್ಞೆಗಳು. ಆದರೆ ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ, ಇದೇ ಜಿಲ್ಲೆಯ ಚಿನ್ನದ ಗಣಿಗಳಲ್ಲಿ ಕೂಲಿ ಮಾಡುತ್ತಿದ್ದ ದಲಿತರು ತಮ್ಮನ್ನು ಬೌದ್ಧರೆಂದು ಕರೆದುಕೊಂಡು ಸಂಘ ಕಟ್ಟಿದ್ದರು. ಮಾರಿಕುಪ್ಪ ಮತ್ತು ಚಾಂಪಿಯನ್ ರೀಫ್‌ನಲ್ಲಿ ಅವರ ಶಾಖೆಗಳಿದ್ದವು. ಬುದ್ಧನ ಹೆಸರಲ್ಲಿ ಮದುವೆ ಮಾಡುತ್ತಿದ್ದರು, ಮಣ್ಣು ಮಾಡುತ್ತಿದ್ದರು, ಪತ್ರಿಕೆ ತರಿಸಿ ಗುಂಪಾಗಿ ಓದುತ್ತಿದ್ದರು. ಕೋಲಾರ, ಬಂಗಾರಪೇಟೆ, ಮಾಲೂರಿನ ಕನ್ನಡ ಓದುಗರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಬಹಳ ಕಡಿಮೆ. ಪಕ್ಕದ ಮನೆಯ ಚರಿತ್ರೆ ನಮಗೆ ಗೊತ್ತಿಲ್ಲದೆ ಹೋಯಿತು. ಅದು ತಮಿಳಿನಲ್ಲಿತ್ತು ಅನ್ನುವುದು ಅದಕ್ಕೆ ದೊಡ್ಡ ಕಾರಣ.

ಈಗ ಇದನ್ನು ಯಾಕೆ ತೆಗೆಯುತ್ತಿದ್ದೇನೆ ಅಂದರೆ, ಧರ್ಮದ ಕಾಲಂ ಮತ್ತೆ ಮನೆಬಾಗಿಲಿಗೆ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಹಲವು ದಲಿತ ಸಂಘಟನೆಗಳು "ಧರ್ಮ ಬೌದ್ಧ ಅಂತ ಬರೆಸಿ" ಎಂದು ಕರೆ ಕೊಟ್ಟವು. 2027ರ ಜನಗಣತಿಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಅದರಲ್ಲಿ ಜಾತಿಯನ್ನೂ ಎಣಿಸಲು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದೆ. ಕಾಲೇಜಿಗೆ ಹೋಗುವ ಮಗಳು "ಬೌದ್ಧ ಅಂತ ಬರೆಸೋಣ ಅಪ್ಪ" ಅಂದರೆ, ಅಪ್ಪನ ಮೊದಲ ಮಾತು "ಮೀಸಲಾತಿ ಹೋದರೆ?" ಎಂದೇ ಇರುತ್ತದೆ.

ಹೋಗುವುದಿಲ್ಲ. ಆದರೆ ಈ ಭಯ ಸುಮ್ನೆ ಹುಟ್ಟಿದ್ದೇನೂ ಅಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಅಂದರೆ ಬಾಬಾಸಾಹೇಬರ ದಾರಿ ಹಿಡಿದವರು 34 ವರ್ಷ ಆ ಪಟ್ಟಿಯ ಹೊರಗಿದ್ದರು. ಅಷ್ಟು ವರ್ಷದಲ್ಲಿ ಒಂದು ತಲೆಮಾರು ಬೆಳೆದು ದೊಡ್ಡದಾಯಿತು. ಮನೆಯಲ್ಲಿ ಬುದ್ಧನ ಫೋಟೊ, ಸರ್ಟಿಫಿಕೇಟಿನಲ್ಲಿ ಹಿಂದೂ ಅನ್ನುವ ಬದುಕು ಆಗಲೇ ರೂಢಿಯಾಯಿತು. ಕಾನೂನು ಬದಲಾಗಿ ಮೂವತ್ತು ವರ್ಷ ದಾಟಿದರೂ ಆ ಅಂಜಿಕೆ ಮನೆಗಳಿಂದ ಹೋಗಿಲ್ಲ. ಧರ್ಮದ ಕಾಲಂನಲ್ಲಿ ಬೌದ್ಧ, ಜಾತಿಯ ಕಾಲಂನಲ್ಲಿ ಪರಿಶಿಷ್ಟ ಪಟ್ಟಿಯಲ್ಲಿರುವ ತಮ್ಮ ಜಾತಿಯ ಹೆಸರು, ಎರಡನ್ನೂ ಬರೆಸಬಹುದು.

ಇದು ಕಾನೂನಿನ ಮಾತಾಯಿತು. ಬೌದ್ಧ ಅಂತ ಬರೆಸುವುದು ಅಂದರೆ ಏನನ್ನು ನಂಬುವುದು, ಏನನ್ನು ಬಿಡುವುದು? ಕೋಲಾರದ ನೆಲದಲ್ಲಿ ಇದಕ್ಕೆ ಎರಡು ಉತ್ತರ ಇವೆ. ಒಂದು ಗಣಿಯ ತಮಿಳು ಬೌದ್ಧರದು, ಇನ್ನೊಂದು ನವಯಾನದ್ದು, ಅಂದರೆ ಅಂಬೇಡ್ಕರ್ ಅವರು ತೋರಿದ ಹೊಸ ಬೌದ್ಧ ದಾರಿಯದು. ಶ್ರೀಲಂಕಾ, ಬರ್ಮಾದ ಬೌದ್ಧ ಸಂಪ್ರದಾಯಕ್ಕಿಂತ ಎರಡೂ ಬೇರೆ. ಎರಡೂ ಹುಟ್ಟಿದ್ದು ಅಸ್ಪೃಶ್ಯತೆಯ ಗಾಯದಿಂದ. ಆದರೆ ಆ ಗಾಯಕ್ಕೆ ಇವು ಕೊಟ್ಟ ಮದ್ದು ಬೇರೆ ಬೇರೆ.

ಮೊದಲು ಗಣಿಯ ಕತೆ, ಯಾಕಂದ್ರೆ ಅದೇ ಜಾಸ್ತಿ ಮರೆತುಹೋಗಿರುವುದು.

ಅಯೋತಿದಾಸ ಪಂಡಿತರು ಹುಟ್ಟಿದ್ದು 1845ರಲ್ಲಿ. ಪರೈಯರ್ ಸಮುದಾಯದವರು, ಸಿದ್ಧ ವೈದ್ಯರು, ಹಳೆಯ ತಮಿಳು ಸಾಹಿತ್ಯ ಅರೆದು ಕುಡಿದವರು. ನೀಲಗಿರಿಯಲ್ಲಿ ಬೆಳೆದರು. 1891ರಲ್ಲಿ ದ್ರಾವಿಡ ಮಹಾಜನ ಸಭೆ ಕಟ್ಟಿ, ನಮ್ಮವರು ಹಿಂದೂಗಳಲ್ಲ, ಜಾತಿಭೇದವಿಲ್ಲದ ದ್ರಾವಿಡರು, ಹಾಗೆಯೇ ಜನಗಣತಿಯಲ್ಲಿ ಬರೆಸಬೇಕು ಎಂದು ವಾದ ಹೂಡಿದರು. ಜನಗಣತಿಯ ಕಾಲಂಗಾಗಿ ದಲಿತರು ಹೋರಾಡಿದ್ದು 130 ವರ್ಷಗಳಿಗಿಂತ ಹಳೆಯ ಕತೆ, ನೋಡಿ. 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಜೊತೆ ಕೊಲಂಬೊಗೆ ಹೋಗಿ, ಅಲ್ಲಿನ ಹಿರಿಯ ಭಿಕ್ಷು ಸುಮಂಗಲ ಅವರಿಂದ ಪಂಚಶೀಲ ಪಡೆದರು. ಮದ್ರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಒಂದು ಪೈಸೆ ಬೆಲೆಯ ವಾರಪತ್ರಿಕೆ ಶುರು ಮಾಡಿದರು. ಅದೇ ಮುಂದೆ 'ತಮಿಳನ್' ಆಯಿತು.

ಈ ಸಂಘದ ಶಾಖೆಗಳು ಬೆಂಗಳೂರು, ಹುಬ್ಬಳ್ಳಿ, ರಂಗೂನ್, ದಕ್ಷಿಣ ಆಫ್ರಿಕಾದವರೆಗೂ ಹಬ್ಬಿದವು. ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ಕಡೆಗಳಲ್ಲಿ ಕೋಲಾರದ ಗಣಿ ಒಂದು. ಅದಕ್ಕೆ ಕಾರಣವಿದೆ. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ತೋಡಲು ಶುರು ಮಾಡಿದಾಗ ಕೆಲಸಕ್ಕೆ ಬಂದವರಲ್ಲಿ ಬಹಳಷ್ಟು ಜನ ಉತ್ತರ ಆರ್ಕಾಟಿನ ಕಡೆಯ ದಲಿತರು. ಊರಿನಲ್ಲಿ ಅವರು ಯಾರದೋ ಜೀತದಾಳು, ಯಾರದೋ ಹೊಲದ ಕೂಲಿ. ಇಲ್ಲಿ ಕೆಲಸ ಸಾವಿನ ಬಾಯಲ್ಲೇ ಇತ್ತು. ಬಂಡೆ ಸಿಡಿದು ಸತ್ತವರು ಎಷ್ಟೋ ಜನ. ಕಲ್ಲಿನ ದೂಳು ಎದೆಗೆ ಸೇರಿ ಕೆಮ್ಮಿ ಸತ್ತವರು ಇನ್ನೂ ಎಷ್ಟೋ ಜನ. ಇರಲು ಕೊಟ್ಟಿದ್ದು ಸಾಲು ತಟ್ಟಿ ಗುಡಿಸಲು. ಇಷ್ಟಾದರೂ ಕೈಗೆ ರೊಕ್ಕ ಬರುತ್ತಿತ್ತು. ತಲೆ ತಗ್ಗಿಸಿ ನಿಲ್ಲಬೇಕಾದ ಊರಗೌಡ ಗಣಿಯ ಕೂಲಿ ಲೈನಿನಲ್ಲಿ ಇರಲಿಲ್ಲ. 1894ರಲ್ಲಿ ಮಾರಿಕುಪ್ಪದವರೆಗೆ ರೈಲು ಬಂತು. ರೈಲಿದ್ದ ಕಡೆಗೆ ಮದ್ರಾಸಿನ ಪತ್ರಿಕೆಯೂ ಬರುತ್ತದೆ, ಉಪನ್ಯಾಸ ಕೊಡುವವರೂ ಬರುತ್ತಾರೆ. ಓದು ಬಂದ ಒಬ್ಬ ಜೋರಾಗಿ ಓದಿದರೆ ಹತ್ತು ಮಂದಿ ಕೇಳಿಸಿಕೊಂಡರು. ಊರು ಬಿಟ್ಟು ಬಂದವರಿಗೆ ಊರದೇವರ ಕಟ್ಟುಪಾಡು ಸಡಿಲವಾಗಿತ್ತು. ಹೊಸದಾಗಿ ಯೋಚನೆ ಮಾಡಲು ಜಾಗ ಸಿಕ್ಕಿತು.

ಅಯೋತಿದಾಸರು ಅವರಿಗೆ ಹೇಳಿದ್ದೇನು? ನೀವು ಬೌದ್ಧರಾಗಬೇಕಿಲ್ಲ, ನೀವು ಮೊದಲಿನಿಂದ ಬೌದ್ಧರೇ. ಅವರ ಪ್ರಕಾರ ಈ ನಾಡಿನ ಮೂಲ ಜನ ಬೌದ್ಧರಾಗಿದ್ದರು. ನಡತೆಯಿಂದ ದೊಡ್ಡವರಾದ ಅರಹಂತರು ಆಗಿನ ನಿಜವಾದ ಬ್ರಾಹ್ಮಣರು. ಆಮೇಲೆ ಬಂದವರು ಅವರ ವೇಷ ಹಾಕಿಕೊಂಡು ಅವರ ಜಾಗದಲ್ಲಿ ಕೂತರು. ಆ ವೇಷವನ್ನು ಒಪ್ಪದೆ ಎದುರು ನಿಂತವರನ್ನು ಕೀಳು ಎಂದು ಊರಾಚೆ ಅಟ್ಟಿದರು. ಅವರೇ ಪರೈಯರ್. ಇದಕ್ಕೆ ಅವರು ಆಧಾರ ಹುಡುಕಿದ್ದು ಪಾಲಿ ಗ್ರಂಥಗಳಲ್ಲಲ್ಲ, ಮಣಿಮೇಕಲೈ, ವೀರಶೋಳಿಯಂನಂಥ ಹಳೆಯ ತಮಿಳು ಕೃತಿಗಳು, ತಮಿಳು ನಿಘಂಟುಗಳು, ತಾಳೆಗರಿಗಳಲ್ಲಿ. ತಿರುವಳ್ಳುವರ್ ಬೌದ್ಧ, ತಮಿಳು ಕವಯಿತ್ರಿ ಔವೈಯಾರ್ ಬೌದ್ಧ ಭಿಕ್ಷುಣಿ ಎಂದು ಸಾಧಿಸಿದರು. ಬುದ್ಧನ ಚರಿತ್ರೆಯನ್ನು 'ಆದಿವೇದಂ' ಎಂಬ ಹೆಸರಲ್ಲಿ ಹೊಸದಾಗಿ ಬರೆದರು.

ನನಗೆ ಬಹಳ ಹಿಡಿಸುವುದು ಅವರು ಹಬ್ಬಗಳಿಗೆ ಕೊಟ್ಟ ಅರ್ಥ. ದೀಪಾವಳಿ ನರಕಾಸುರನನ್ನು ಕೊಂದ ದಿನವಲ್ಲ. ಬೌದ್ಧ ವಿಹಾರದ ಮಂದಿ ಎಳ್ಳಿನಿಂದ ಎಣ್ಣೆ ತೆಗೆದು, ಅದರ ಗುಣ ಕಂಡುಕೊಂಡು, ಜನ ಎಣ್ಣೆಸ್ನಾನ ಮಾಡಿದ ದಿನ. ಕಾರ್ತಿಕ ದೀಪ ಅಂದರೆ ಹರಳೆಣ್ಣೆಯ ಬೆಳಕನ್ನು ಬೆಟ್ಟದ ಮೇಲೆ ಹಚ್ಚಿ ನೋಡಿದ ನೆನಪು. ಸಂಕ್ರಾಂತಿ ಬುದ್ಧನ ಕೊನೆಯ ದಿನದ ನೆನಪು. ಒಬ್ಬ ಸಿದ್ಧ ವೈದ್ಯನ ಕಣ್ಣು ಇಲ್ಲಿ ಎದ್ದು ಕಾಣುತ್ತದೆ. ಕೊಲ್ಲುವ ಕತೆ ತೆಗೆದು ಅಲ್ಲಿ ಮದ್ದು ಕಂಡುಹಿಡಿದ ಕತೆ ಇಟ್ಟರು. ಗಣಿ ಕೂಲಿಯ ಮನೆಯಾಕೆ ಹಬ್ಬ ಬಿಡಬೇಕಾಗಿಲ್ಲ. ಅದೇ ಎಣ್ಣೆ, ಅದೇ ದೀಪ, ಅದೇ ಪೊಂಗಲ್. ಅರ್ಥ ಮಾತ್ರ ಬೇರೆ, ಅದರ ಒಡೆತನವೂ ಬೇರೆ. ಹಬ್ಬ ನಮ್ಮದು, ಅದನ್ನು ಕಿತ್ತುಕೊಂಡವರು ಅವರು.

ಚರಿತ್ರೆಯ ಪುರಾವೆ ಕೇಳಿದರೆ ಇದರಲ್ಲಿ ಬಹಳಷ್ಟು ನಿಲ್ಲುವುದಿಲ್ಲ. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲೂ ಹತ್ತಿರದ ವಾದವೇ ಇದೆ: ಚದುರಿಹೋದ ಬುಡಕಟ್ಟಿನವರು, ಬೌದ್ಧರಾಗಿದ್ದವರು, ಗೋಮಾಂಸ ಬಿಡದವರು ಅಸ್ಪೃಶ್ಯರಾದರು ಎಂದು. ಕೊಂಡಿ ತಪ್ಪಿದ ಕಡೆ ಊಹೆಯಿಂದ ತುಂಬಿದ್ದೇನೆ ಎಂದು ಅವರು ಮುನ್ನುಡಿಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ಈ ಪ್ರಾಮಾಣಿಕತೆ ದೊಡ್ಡದು. ಆದರೆ ಮುಖ್ಯ ವ್ಯತ್ಯಾಸ ಅದಲ್ಲ. ಅಯೋತಿದಾಸರ ಇಡೀ ಧರ್ಮ ಆ ಹಳೆಯ ನೆನಪಿನ ಮೇಲೆ ನಿಂತಿದೆ. ಅಂಬೇಡ್ಕರ್ ಅವರದು ಹಾಗಿಲ್ಲ. ನಮ್ಮ ಹಿರಿಯರು ಬೌದ್ಧರಾಗಿದ್ದರೋ ಇಲ್ಲವೋ, ನಾಗಪುರದಲ್ಲಿ ಕೈಮುಗಿದು ನಿಂತವರ ಪ್ರತಿಜ್ಞೆಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ನವಯಾನದ ಬಗ್ಗೆ ಜಾಸ್ತಿ ವಿವರಿಸಬೇಕಿಲ್ಲ, ಓದುಗರಿಗೆ ಗೊತ್ತಿರುವುದೇ. 1935ರಲ್ಲಿ ಮಹಾರಾಷ್ಟ್ರದ ಯೇವಲೆಯಲ್ಲಿ "ಹಿಂದೂವಾಗಿ ಸಾಯುವುದಿಲ್ಲ" ಎಂದವರು 21 ವರ್ಷ ಓದಿ, ತೂಗಿ, ಆಮೇಲೆ ಬುದ್ಧನನ್ನು ಆರಿಸಿಕೊಂಡರು. 22 ಪ್ರತಿಜ್ಞೆಗಳಲ್ಲಿ ಮೊದಲಿನವು ಬಿಡುವುದರ ಬಗ್ಗೆ. ಬ್ರಹ್ಮ ವಿಷ್ಣು ಮಹೇಶ್ವರರನ್ನು ಪೂಜಿಸುವುದಿಲ್ಲ, ರಾಮ ಕೃಷ್ಣರನ್ನು ಪೂಜಿಸುವುದಿಲ್ಲ, ಗೌರಿ ಗಣಪತಿಯನ್ನು ಪೂಜಿಸುವುದಿಲ್ಲ, ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ಒಪ್ಪುವುದಿಲ್ಲ, ಶ್ರಾದ್ಧ ಮಾಡುವುದಿಲ್ಲ. ಕೊನೆಯ ಕಡೆ ಬರುವ ಒಂದು ಮಾತು, ನಾನು ಹೊಸದಾಗಿ ಹುಟ್ಟುತ್ತಿದ್ದೇನೆ ಎಂದು ನಂಬುತ್ತೇನೆ. ಅಯೋತಿದಾಸರ ಮಾತಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅವರು "ನೀನು ಹಿಂದೆ ಯಾರಾಗಿದ್ದೆ, ನೆನಪು ಮಾಡಿಕೋ" ಅಂದರು. ಇವರು "ಇವತ್ತು ಹೊಸದಾಗಿ ಹುಟ್ಟು" ಅಂದರು.

ತತ್ವದಲ್ಲೂ ಅಂಬೇಡ್ಕರ್ ಸಂಪ್ರದಾಯವನ್ನು ಬಗ್ಗಿಸಿದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ' ಶುರುವಾಗುವುದೇ ಪ್ರಶ್ನೆಗಳಿಂದ. ರೋಗಿ, ಮುದುಕ, ಹೆಣ ನೋಡಿ ಸಿದ್ಧಾರ್ಥ ಮನೆ ಬಿಟ್ಟ ಅನ್ನುವುದನ್ನು ನಂಬಬಹುದಾ? ಬದುಕೆಲ್ಲ ದುಃಖವೇ ಅಂದರೆ ನೊಂದವರಿಗೆ ಭರವಸೆ ಎಲ್ಲಿ? ಆತ್ಮವೇ ಇಲ್ಲ ಅಂದಮೇಲೆ ಕರ್ಮ, ಪುನರ್ಜನ್ಮ ಹೇಗೆ? ಭಿಕ್ಷು ಇರುವುದು ತನ್ನ ಮುಕ್ತಿಗಾ, ಜನರ ಸೇವೆಗಾ? ಹಿಂದಿನ ಜನ್ಮದ ಪಾಪಕ್ಕೆ ಈ ಜನ್ಮದಲ್ಲಿ ಹೊಲಗೇರಿಯಲ್ಲಿ ಹುಟ್ಟಿದ್ದೀಯ ಎಂದು ಸಾವಿರಾರು ವರ್ಷ ಹೇಳಿಸಿಕೊಂಡವರಿಗೆ ಆ ಮೂರನೆಯ ಪ್ರಶ್ನೆ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಾ?

ಇವೆರಡರ ನಡುವೆ ಒಬ್ಬರು ಸೇತುವೆಯಾಗಿ ನಿಂತಿದ್ದಾರೆ, ಪಿ. ಲಕ್ಷ್ಮೀನರಸು. ಮದ್ರಾಸಿನ ವಿಜ್ಞಾನದ ಪ್ರಾಧ್ಯಾಪಕರು, ಶಾಕ್ಯ ಸಂಘದವರ ಜೊತೆ ದುಡಿದವರು. 1907ರಲ್ಲಿ ಬೌದ್ಧ ಧರ್ಮದ ಸಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಪವಾಡ ಬೇಡ, ವಿವೇಕಕ್ಕೆ ಒಪ್ಪುವ ಬುದ್ಧ ಬೇಕು ಅನ್ನುವುದು ಅವರ ನಿಲುವು. 1948ರಲ್ಲಿ ಆ ಪುಸ್ತಕ ಮತ್ತೆ ಅಚ್ಚಾದಾಗ ಮುನ್ನುಡಿ ಬರೆದವರು ಅಂಬೇಡ್ಕರ್. ಹಾಗಾಗಿ ದಕ್ಷಿಣದ ಈ ಚಳವಳಿ ನಾಗಪುರಕ್ಕೆ ಸಂಬಂಧವೇ ಇಲ್ಲದ್ದು ಅನ್ನುವಂತಿಲ್ಲ.

ತತ್ವ ಬಿಟ್ಟು ನಮ್ಮ ಊರಿಗೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ ದೇವರ ಮೆರವಣಿಗೆಯ ಕೋಲನ್ನು ಮುಟ್ಟಿದ ಎಂದು ಒಬ್ಬ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೂಲಿ ಮಾಡುವ ಮನೆ ಅದು. ಸುದ್ದಿ ದೇಶಕ್ಕೆಲ್ಲ ಹಬ್ಬಿತು, ಕೇಸಾಯಿತು. ಇನ್ನು ಮುಂದೆ ತಾನು ಅಂಬೇಡ್ಕರ್ ಅವರನ್ನೇ ಪೂಜಿಸುತ್ತೇನೆ ಎಂದು ಆ ತಾಯಿ ಹೇಳಿದ್ದು ಪತ್ರಿಕೆಗಳಲ್ಲಿ ಬಂತು.

ಆ ಮನೆಯ ಮುಂದೆ ಇಬ್ಬರೂ ಬಂದು ನಿಂತಿದ್ದರೆ ಏನು ಹೇಳುತ್ತಿದ್ದರು? ಅವರ ಬರಹ ಓದಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಅಯೋತಿದಾಸರು, "ಆ ಜಾತ್ರೆಯ ದೇವತೆ ಅಮ್ಮ ನಿನ್ನವಳೇ ತಾಯಿ. ನಿನ್ನ ಕುಲದ ಭಿಕ್ಷುಣಿಯನ್ನೇ ಅವರು ದೇವರು ಮಾಡಿಕೊಂಡು ನಿನ್ನನ್ನು ಹೊರಗಿಟ್ಟಿದ್ದಾರೆ. ದಂಡ ಕಟ್ಟಬೇಕಾದವರು ಅವರು" ಎನ್ನುತ್ತಿದ್ದರು. ಅಂಬೇಡ್ಕರ್, "ನಿನ್ನ ಮಗ ಮುಟ್ಟಿದರೆ ಮೈಲಿಗೆಯಾಗುವ ದೇವರ ಹತ್ತಿರ ನಿನಗೇನು ಕೆಲಸ? ಬಿಟ್ಟು ಬಾ" ಎನ್ನುತ್ತಿದ್ದರು. ಮೊದಲನೆಯ ಮಾತು ಆ ತಾಯಿಯ ಅಜ್ಜಿ, ಮುತ್ತಜ್ಜಿಯರ ಭಕ್ತಿಯನ್ನು ಅವಮಾನ ಮಾಡದೆ ಎತ್ತಿ ಹಿಡಿಯುತ್ತದೆ. ಎರಡನೆಯದು ಅವಳನ್ನು ಆ ಗುಡಿಯ ಹಂಗಿನಿಂದಲೇ ಬಿಡಿಸುತ್ತದೆ. ಆ ತಾಯಿ ಎರಡನೆಯದನ್ನು ಹಿಡಿದರು. ದಂಡದ ಬಿಸಿ ತಟ್ಟಿದವರಿಗೆ ಹಳೆಯ ಚರಿತ್ರೆ ಕೇಳುವ ತಾಳ್ಮೆ ಎಲ್ಲಿರುತ್ತದೆ?

ಹಾಗಂತ ಮೊದಲನೆಯದು ಬೇಡವಾದ ಮಾತೂ ಅಲ್ಲ. ನಮ್ಮ ಕಡೆಯ ಬೌದ್ಧ ಮದುವೆಗೆ ಹೋದವರು ಇದನ್ನು ನೋಡಿರುತ್ತಾರೆ. ವೇದಿಕೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ. ಗಂಡು ಹೆಣ್ಣು ಬಿಳಿ ಬಟ್ಟೆಯಲ್ಲಿ. ಮೇಣದಬತ್ತಿ ಹಚ್ಚಿ ತ್ರಿಶರಣ, ಪಂಚಶೀಲ ಹೇಳಿಸುತ್ತಾರೆ, ಆಮೇಲೆ ಸಂವಿಧಾನದ ಪೀಠಿಕೆ ಓದುತ್ತಾರೆ. ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ಎಲ್ಲ ಚೆಂದ. ಆದರೆ ಮುಂದಿನ ಮಂಗಳವಾರ ಹುಡುಗನ ಅಜ್ಜಿ ಸೊಸೆಯನ್ನು ಕರೆದುಕೊಂಡು ಗಂಗಮ್ಮನ ಗುಡಿಗೋ ಮುನೇಶ್ವರನ ಕಟ್ಟೆಗೋ ಹೋಗಿ ತಂಬಿಟ್ಟು ಇಟ್ಟು ಬರುತ್ತಾಳೆ. ಸಂಘಟನೆಯ ಹುಡುಗರು ಇದಕ್ಕೆ ಸಿಟ್ಟಾಗುತ್ತಾರೆ. ಪ್ರತಿಜ್ಞೆ ಮುರಿದಂತೆ ಅನ್ನುತ್ತಾರೆ. ಅಜ್ಜಿಗೆ ಅಂಬೇಡ್ಕರ್ ಮೇಲೆ ಭಕ್ತಿ ಕಡಿಮೆ ಇಲ್ಲ. ಕಷ್ಟಕಾಲದಲ್ಲಿ ಕೈಹಿಡಿದ ಅಮ್ಮನನ್ನು ಒಂದೇ ದಿನದಲ್ಲಿ ಹೇಗೆ ಬಿಡಲಿ ಅನ್ನುವುದು ಅವಳ ಸಂಕಟ. 22 ಪ್ರತಿಜ್ಞೆಗಳಲ್ಲಿ ಈ ಅಜ್ಜಿಗೆ ಜಾಗ ಇಲ್ಲ. ಅಯೋತಿದಾಸರ ಬೌದ್ಧ ಧರ್ಮದಲ್ಲಿ ಇತ್ತು. ಗಣಿಯ ಬೌದ್ಧರನ್ನು ಇವತ್ತು ಓದಬೇಕು ಎಂದು ನಾನು ಹೇಳುವುದು ಇದಕ್ಕೇ. ಅಜ್ಜಿಯನ್ನು ಬಯ್ಯದೆ ಜೊತೆಗೆ ಕರೆದೊಯ್ಯುವ ದಾರಿ ಇದೇ ಜಿಲ್ಲೆಯಲ್ಲಿ ಒಮ್ಮೆ ಇತ್ತು.

ಹಾಗಾದರೆ ಅದು ಯಾಕೆ ಸೊರಗಿತು? 1914ರಲ್ಲಿ ಅಯೋತಿದಾಸರು ತೀರಿಕೊಂಡರು. ಪತ್ರಿಕೆ ಹೆಚ್ಚು ದಿನ ನಡೆಯಲಿಲ್ಲ. 1926ರಲ್ಲಿ ಅದನ್ನು ಮತ್ತೆ ಎಬ್ಬಿಸಿದ್ದು ಮದ್ರಾಸಿನವರಲ್ಲ, ನಮ್ಮ ಕೆಜಿಎಫ್‌ನವರು. ಜಿ. ಅಪ್ಪಾದುರೈಯಾರ್ ಸಂಪಾದಕರಾಗಿ ಇಲ್ಲಿಂದಲೇ ಹೊರಡಿಸಿದರು. ಸಿದ್ಧಾರ್ಥ ಪುಸ್ತಕಶಾಲೆ ಅಯೋತಿದಾಸರ ಪುಸ್ತಕಗಳನ್ನು ಇಲ್ಲೇ ಅಚ್ಚು ಹಾಕಿಸಿತು. ಅವರ ಬರಹ ಉಳಿದುಕೊಂಡಿದ್ದರಲ್ಲಿ ಗಣಿ ಕಾರ್ಮಿಕರ ಬೆವರಿನ ಪಾಲು ದೊಡ್ಡದು. ಆಮೇಲೆ ಹುಡುಗರನ್ನು ಪೆರಿಯಾರರ ಸ್ವಾಭಿಮಾನ ಚಳವಳಿ ಸೆಳೆಯಿತು. ಕೆಂಪು ಬಾವುಟದ ಯೂನಿಯನ್ ಸೆಳೆಯಿತು. 1956ರ ನಂತರ ಬುದ್ಧ ಅಂದರೆ ಅಂಬೇಡ್ಕರ್ ಎನ್ನುವಂತಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವವರಿಗೆ ಸಂಘ, ಸಭೆ, ಪತ್ರಿಕೆ ನಡೆಸಲು ಹೊತ್ತೆಲ್ಲಿ?

ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಲು ಸ್ವಲ್ಪ ಕಷ್ಟವಾಗುತ್ತದೆ. "ನಾವು ಹಿಂದೆ ದೊಡ್ಡವರಾಗಿದ್ದೆವು" ಅನ್ನುವ ಚರಿತ್ರೆ ಯಾರದು? ಅಯೋತಿದಾಸರು ಬರೆದ ನೆನಪು ಮುಖ್ಯವಾಗಿ ಪರೈಯರ್ ಸಮುದಾಯದ್ದು. ದಲಿತರೊಳಗೇ ಕೆಲವು ಜಾತಿಗಳನ್ನು ಅವರು ಆ ಹಳೆಯ ಬೌದ್ಧರ ಸಾಲಿನಲ್ಲಿ ಸೇರಿಸಲಿಲ್ಲ. ಕೆಲವು ಕಡೆ ಹಗುರವಾಗಿಯೂ ಬರೆದರು. ಜಾತಿ ಇಲ್ಲ ಎಂದು ಹೊರಟ ಧರ್ಮ ಅಲ್ಲಿ ಮುಗ್ಗರಿಸಿತು. ನವಯಾನದ ಬಾಗಿಲು ಮಾತಿನ ಮಟ್ಟಿಗೆ ಎಲ್ಲರಿಗೂ ತೆರೆದಿದೆ, ಪ್ರತಿಜ್ಞೆ ಮಾಡಲು ಯಾವ ಹಿರಿಯರ ಚರಿತ್ರೆಯೂ ಬೇಕಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ಒಳಗೆ ಬಂದವರಲ್ಲಿ ಬಹುಪಾಲು ಮಹಾರರು. ನಮ್ಮಲ್ಲೂ ಎಡಗೈ, ಬಲಗೈ ಎನ್ನುವ ಗೋಡೆ ಇದೆ. ಒಳಮೀಸಲಾತಿಯ ಜಗಳದಲ್ಲಿ ಆ ಗೋಡೆ ಎಷ್ಟು ಎತ್ತರವಾಯಿತು ಎಂದು 2025ರಲ್ಲಿ ಎಲ್ಲರೂ ಕಂಡೆವು. ಒಂದೇ ಕೇರಿಯ ಮಾದಿಗರ ಮನೆ, ಹೊಲೆಯರ ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದು ಇವತ್ತಿಗೂ ಅಪರೂಪ. ಇಬ್ಬರೂ ಬೌದ್ಧ ಎಂದು ಬರೆಸಿದ ಮೇಲಾದರೂ ಆ ಮದುವೆ ಆಗುತ್ತದಾ? ನವಯಾನವನ್ನು ನಾನು ಅಳೆಯುವುದು ಈ ಅಳತೆಯಲ್ಲಿ.

ಇನ್ನು ಲೆಕ್ಕ. 2001ರ ಜನಗಣತಿಯಲ್ಲಿ ಕರ್ನಾಟಕದ ಬೌದ್ಧರು 3.93 ಲಕ್ಷ. 2011ರಲ್ಲಿ 95,710. ಈ ಎರಡೂ ಲೆಕ್ಕದಲ್ಲಿ ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರೂ ಸೇರಿದ್ದಾರೆ. ಹತ್ತು ವರ್ಷದಲ್ಲಿ ಮೂರು ಲಕ್ಷ ಜನ ಬುದ್ಧನನ್ನು ಬಿಟ್ಟು ಹೋದರು ಎಂದು ನಂಬಲು ಆಗುವುದಿಲ್ಲ. ಅದೇ ಹತ್ತು ವರ್ಷದಲ್ಲಿ ಕೇರಿ ಕೇರಿಯಲ್ಲಿ ಬುದ್ಧ, ಅಂಬೇಡ್ಕರ್ ಪ್ರತಿಮೆಗಳು ಎದ್ದದ್ದನ್ನು ನಾವೇ ನೋಡಿದ್ದೇವೆ. ಎಣಿಸುವವರು ಬಂದಾಗ ಮನೆಯವರು ಏನು ಹೇಳಿದರು, ಬಂದವರು ಕೇಳಿ ಬರೆದುಕೊಂಡರಾ, ತಾವೇ ಹಿಂದೂ ಎಂದು ಹಾಕಿಕೊಂಡರಾ ಅನ್ನುವುದರ ಮೇಲೆ ಈ ಅಂಕಿ ಏರುತ್ತದೆ, ಇಳಿಯುತ್ತದೆ.

ಆದ್ದರಿಂದ 2027ಕ್ಕೆ ಮೊದಲು ಸಂಘಟನೆಗಳು ಮಾಡಬೇಕಾದ ಕೆಲಸ ಎರಡಿವೆ. 1990ರ ತಿದ್ದುಪಡಿಯನ್ನು ಒಂದು ಹಾಳೆಯಲ್ಲಿ ಕನ್ನಡ, ತೆಲುಗು, ತಮಿಳಿನಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಕೊಡಬೇಕು. ಮೂರೂ ಭಾಷೆ ಬೇಕು, ಯಾಕಂದ್ರೆ ನಮ್ಮ ಜಿಲ್ಲೆ ಮಾತಾಡುವುದೇ ಮೂರರಲ್ಲಿ. ಇನ್ನೊಂದು, ಅಯೋತಿದಾಸರ ಹಬ್ಬದ ಲೇಖನಗಳು ಮತ್ತು ಕೆಜಿಎಫ್‌ನಿಂದ ಹೊರಟ 'ತಮಿಳನ್' ಸಂಚಿಕೆಗಳು ಕನ್ನಡಕ್ಕೆ ಬರಬೇಕು. ಆ ಸಂಘಗಳಲ್ಲಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆಯ ಕಡೆ ಇನ್ನೂ ಇದ್ದಾರೆ. ಹಳೆಯ ತಮಿಳನ್ನು ಸಲೀಸಾಗಿ ಓದಿ, ಇಲ್ಲಿನ ಕನ್ನಡದಲ್ಲಿ ಹೇಳಬಲ್ಲವರು ಅವರಲ್ಲಿ ಸಿಗುತ್ತಾರೆ. ಕೋಲಾರದಲ್ಲೇ ವಿಶ್ವವಿದ್ಯಾಲಯ ಇದೆ. ಒಂದು ಅನುವಾದ ಯೋಜನೆಗೆ ಬೇಕಾದ ದುಡ್ಡು ದೊಡ್ಡದೇನಲ್ಲ, ಕೆಲಸ ಈ ವರ್ಷವೇ ಶುರುವಾಗಬಹುದು.